ಹಳೆಯ ಪ್ರೋಗ್–ಫ್ಯೂಷನ್ ಬ್ಯಾಂಡಿನ ಲೈವ್ ಶೋಗೆ ಹೋಗುವ ಮುಂಚೆ, ಹೋದ ಮೇಲೆ

ಸಾಫ್ಟ್ ಮಷೀನ್ ಬ್ಯಾಂಡಿನ ‘ಥರ್ಡ್’ ಆಲ್ಬಂ ಬಂದದ್ದು 1970ರಲ್ಲಿ. ಎರಡು ಎಲ್‌ಪಿ, ನಾಲ್ಕು ಬದಿ, ಬದಿಗೊಂದೇ ಕೃತಿ. ಅದರ ಮೊದಲ ಬದಿಯನ್ನು ಅವರು ಸ್ಟುಡಿಯೋದಲ್ಲಿ ಕೂತು ನುಡಿಸಿದ್ದಲ್ಲ. ಆ ವರ್ಷದ ಜನವರಿಯಲ್ಲಿ ಇಂಗ್ಲೆಂಡಿನ ಕ್ರಾಯ್ಡನ್ ಮತ್ತು ಬರ್ಮಿಂಗ್‌ಹ್ಯಾಮ್‌ನಲ್ಲಿ ಕೊಟ್ಟ ಶೋಗಳ ಟೇಪುಗಳನ್ನು ಕತ್ತರಿಸಿ, ಜೋಡಿಸಿ ಮಾಡಿದ್ದು. 1974ರಲ್ಲಿ ಬಂದ ಕಿಂಗ್ ಕ್ರಿಮ್ಸನ್ ಬ್ಯಾಂಡಿನ ‘ಸ್ಟಾರ್‌ಲೆಸ್ ಆಂಡ್ ಬೈಬಲ್ ಬ್ಲ್ಯಾಕ್’ ಕೂಡ ಬಹುಪಾಲು ವೇದಿಕೆಯ ಮೇಲೇ ರೆಕಾರ್ಡ್ ಆದದ್ದು. ಜನರ ಸದ್ದನ್ನು ಅಳಿಸಿದ್ದರಿಂದ ಕೇಳುವಾಗ ಅದು ಸ್ಟುಡಿಯೋ ಆಲ್ಬಂ ಅಂತಲೇ ಅನ್ನಿಸುತ್ತದೆ. ವೆದರ್ ರಿಪೋರ್ಟ್ ಬ್ಯಾಂಡಿನ ಎರಡನೇ ಆಲ್ಬಂನ ಎರಡನೇ ಬದಿಯನ್ನು 1972ರ ಟೋಕಿಯೋ ಕಛೇರಿಯಿಂದ ತೆಗೆದುಕೊಂಡರು.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಉದ್ದದ, ಜಟಿಲ ಕೃತಿಗಳ ಪ್ರೋಗ್ರೆಸಿವ್ ರಾಕ್ (ಚಿಕ್ಕದಾಗಿ ಪ್ರೋಗ್) ಮತ್ತು ಜಾಝಿಗೆ ರಾಕ್ ಬೆರೆಸಿದ ಜಾಝ್ ಫ್ಯೂಷನ್ ಸೇರುವ ಜಾಗದಲ್ಲಿ ಹುಟ್ಟಿದ ಬ್ಯಾಂಡುಗಳಿಗೆ ವೇದಿಕೆಯೇ ಮನೆ. ನಾವು ಸಾವಿರ ಸಲ ಕೇಳಿ ಬಾಯಿಪಾಠ ಮಾಡಿಕೊಂಡ ರೆಕಾರ್ಡು ಅವರಿಗೆ ಒಂದು ರಾತ್ರಿ ನುಡಿಸಿದ ಒಂದು ರೂಪ, ಅಷ್ಟೇ. ಹಾಗಾಗಿ ಥೇಟ್ ರೆಕಾರ್ಡಿನ ಹಾಗೆ ಕೇಳಿಸಲಿ ಅಂತ ಹೋದವರಿಗೆ ಅರ್ಧ ಶೋ ಕೈತಪ್ಪುತ್ತದೆ. ಈ ಲೇಖನದಲ್ಲಿ ಹೇಳುವುದೆಲ್ಲ, ಆ ಅರ್ಧವೂ ನಿಮಗೆ ಸಿಗಲಿ ಅಂತ.

ಹೆಸರು ಹಳೆಯದು, ನುಡಿಸುವವರು ಯಾರು?

ಟಿಕೆಟ್ ತೆಗೆದುಕೊಳ್ಳುವ ಮೊದಲು ಈಗಿನ ತಂಡದಲ್ಲಿ ಯಾರ‍್ಯಾರು ಇದ್ದಾರೆ ನೋಡಿ. ಐವತ್ತು ವರ್ಷ ದಾಟಿದ ಬ್ಯಾಂಡಿನಲ್ಲಿ ಜನ ಬದಲಾಗಿಯೇ ಇರುತ್ತಾರೆ. ಯೆಸ್ ಬ್ಯಾಂಡಿನ ಬೇಸ್ ಗಿಟಾರ್ ವಾದಕ ಕ್ರಿಸ್ ಸ್ಕ್ವೈರ್ 2015ರಲ್ಲಿ ತೀರಿಕೊಂಡ ಮೇಲೆ ಅಲ್ಲಿ ಸ್ಥಾಪಕರು ಯಾರೂ ಉಳಿದಿಲ್ಲ. ಹಳೆಯ ಕೊಂಡಿ ಅಂದರೆ 1970ರಲ್ಲಿ ಸೇರಿದ ಗಿಟಾರ್ ವಾದಕ ಸ್ಟೀವ್ ಹೌ. ಸಾಫ್ಟ್ ಮಷೀನ್ ಶುರುವಾದದ್ದು 1966ರಲ್ಲಿ. ಮೂಲ ಸದಸ್ಯರಲ್ಲಿ ಕೊನೆಯವರಾದ ಮೈಕ್ ರ‍್ಯಾಟ್ಲೆಜ್ 1976ರಲ್ಲೇ ಹೊರಟರು. ಅಲನ್ ಹೋಲ್ಡ್ಸ್‌ವರ್ತ್ ಜಾಗಕ್ಕೆ 1975ರಲ್ಲಿ ಬಂದ ಗಿಟಾರ್ ವಾದಕ ಜಾನ್ ಎಥರಿಡ್ಜ್ ಈಗ ಅಲ್ಲಿಯ ಹಿರಿಯರು. 1972ರಲ್ಲಿ ಸೇರಿದ್ದ ಡ್ರಮ್ಮರ್ ಜಾನ್ ಮಾರ್ಷಲ್ 2023ರಲ್ಲಿ ತೀರಿಕೊಂಡರು. ಗಾಂಗ್ ಬ್ಯಾಂಡ್ ಕಟ್ಟಿದ ಡೇವಿಡ್ ಆಲನ್ 2015ರಲ್ಲಿ ತೀರಿಕೊಳ್ಳುವ ಮುಂಚೆ, ನಾನಿಲ್ಲದಿದ್ದರೂ ನೀವು ಮುಂದುವರಿಸಿ ಅಂತ ತಮ್ಮ ಹುಡುಗರಿಗೆ ಹೇಳಿದ್ದರು. ಅವರು ಮುಂದುವರಿಸಿದರು.

ಇದಕ್ಕೆ ಉಲ್ಟಾ ಕೂಡ ಇದೆ. 1977ರಲ್ಲಿ ಜೆನೆಸಿಸ್ ಬ್ಯಾಂಡ್ ಬಿಟ್ಟ ಗಿಟಾರ್ ವಾದಕ ಸ್ಟೀವ್ ಹ್ಯಾಕೆಟ್ ತಮ್ಮದೇ ಹೆಸರಿನಲ್ಲಿ ಊರೂರು ಸುತ್ತಿ ಜೆನೆಸಿಸ್ ಕಾಲದ ಕೃತಿಗಳನ್ನು ನುಡಿಸುತ್ತಾರೆ. ಅಂದರೆ ಬ್ಯಾಂಡಿನ ಹೆಸರಿಲ್ಲ, ಆದರೆ ಆ ಕಾಲದ ಕೈ ಇದೆ.

ಹಾಗಾದರೆ ಯಾವುದು ನಿಜವಾದ ಬ್ಯಾಂಡ್? ಮೂಲ ಸದಸ್ಯರು ಎಷ್ಟು ಜನ ಅಂತ ಲೆಕ್ಕ ಹಾಕುವುದನ್ನು ನಾನು ಬಿಟ್ಟಿದ್ದೇನೆ. ನಾನು ನೋಡುವುದು ಎರಡೇ ವಿಷಯ. ಮೊದಲನೆಯದು, ಈಗಿನ ತಂಡ ಒಟ್ಟಿಗೆ ಎಷ್ಟು ಕಾಲದಿಂದ ನುಡಿಸುತ್ತಿದೆ. ಎರಡನೆಯದು, ಹೊಸ ಕೃತಿಗಳನ್ನು ಬರೆಯುತ್ತಿದ್ದಾರಾ ಇಲ್ವಾ. ಸಾಫ್ಟ್ ಮಷೀನ್ 2018ರಲ್ಲೂ 2023ರಲ್ಲೂ ಹೊಸ ಆಲ್ಬಂ ತಂದರು. ಅಂಥ ಬ್ಯಾಂಡು ಹಳೆಯ ಕೃತಿಯನ್ನು ನುಡಿಸಿದರೂ ಅದರಲ್ಲಿ ಜೀವ ಇರುತ್ತದೆ. ಸುಮ್ನೆ ಹಳೆಯ ಹಾಡುಗಳನ್ನು ಒಪ್ಪಿಸಿ ಹೋಗುವ ತಂಡ ಎಷ್ಟೇ ದೊಡ್ಡ ಹೆಸರಿನದಾದರೂ ನಾನು ಎರಡು ಸಲ ಯೋಚಿಸುತ್ತೇನೆ.

ಪೋಸ್ಟರನ್ನೂ ಸರಿಯಾಗಿ ಓದಿ. ಬ್ಯಾಂಡಿನ ಹೆಸರಿನ ಜೊತೆ ‘ಲೆಗಸಿ’ ಅಂತ ಇದ್ದರೆ, ಅಥವಾ ಇಂಥವರ ಸಂಗೀತ ಅಂತ ಸಣ್ಣ ಅಕ್ಷರದಲ್ಲಿ ಇದ್ದರೆ, ಅದು ಬೇರೆ ತಂಡವಾಗಿರಬಹುದು. ಹಾಗಿದ್ದ ಮಾತ್ರಕ್ಕೆ ಕಡಿಮೆ ಅಂತಲೂ ಅಲ್ಲ. ಸಾಫ್ಟ್ ಮಷೀನಿನ ಹಳಬರು 2004ರಿಂದ ಸುಮಾರು ಹತ್ತು ವರ್ಷ ಸಾಫ್ಟ್ ಮಷೀನ್ ಲೆಗಸಿ ಅಂತಲೇ ನುಡಿಸಿ, 2015ರಲ್ಲಿ ಹಳೆಯ ಹೆಸರಿಗೆ ಮರಳಿದರು.

ಇನ್ನೊಂದು ಮಾತು. ಮುಂದಿನ ಟೂರಿನಲ್ಲಿ ನೋಡೋಣ ಅಂತ ಮುಂದೂಡಬೇಡಿ. ಕಿಂಗ್ ಕ್ರಿಮ್ಸನ್ 2021ರ ಡಿಸೆಂಬರ್ 8ರಂದು ಟೋಕಿಯೋದಲ್ಲಿ ಕೊನೆಯ ಶೋ ಕೊಟ್ಟಿತು. ಅದೇ ವರ್ಷ ಫೆಬ್ರವರಿಯಲ್ಲಿ ಜಾಝ್ ಪಿಯಾನೊ ವಾದಕ ಚಿಕ್ ಕೊರಿಯಾ ತೀರಿಕೊಂಡರು. ಈ ತಲೆಮಾರಿನ ಬಹಳಷ್ಟು ಕಲಾವಿದರು 75 ದಾಟಿದ್ದಾರೆ. ಹತ್ತಿರ ಬಂದಾಗ ಹೋಗಿಬಿಡಿ.

ಟಿಕೆಟ್

ಬ್ಯಾಂಡಿನ ಸ್ವಂತ ವೆಬ್‌ಸೈಟಿನಿಂದ ಶುರು ಮಾಡಿ. ಅಲ್ಲಿಂದ ಸಭಾಂಗಣದ ಪುಟಕ್ಕೆ ಹೋಗಿ. ಹುಡುಕಾಟದಲ್ಲಿ ಮೊದಲು ಕಾಣುವುದು ಎಷ್ಟೋ ಸಲ ಮರುಮಾರಾಟದವರ ಜಾಹೀರಾತು. ಬ್ಯಾಂಡಿನ ಇಮೇಲ್ ಪಟ್ಟಿಗೆ ಸೇರಿಕೊಂಡರೆ ಮುಂಗಡ ಮಾರಾಟದ ಸುದ್ದಿ ಬರುತ್ತದೆ. ವಯಸ್ಸಾದ ಕಲಾವಿದರ ಶೋ ಮುಂದೂಡುವುದು, ರದ್ದಾಗುವುದು ಉಂಟು. ಹಣ ವಾಪಸಾತಿಯ ನಿಯಮವನ್ನು ಒಮ್ಮೆ ಓದಿಕೊಳ್ಳಿ.

ಸಮಯವನ್ನೂ ನೋಡಿಕೊಳ್ಳಿ. ಬಾಗಿಲು ತೆರೆಯುವ ಹೊತ್ತು ಬೇರೆ, ಬ್ಯಾಂಡು ವೇದಿಕೆಗೆ ಬರುವ ಹೊತ್ತು ಬೇರೆ. ಇಂಥವರೊಡನೆ ಒಂದು ಸಂಜೆ ಅಂತ ಪೋಸ್ಟರಿನಲ್ಲಿದ್ದರೆ ಸಾಮಾನ್ಯವಾಗಿ ಮುಂಚೆ ನುಡಿಸುವ ಬೇರೆ ತಂಡ ಇರುವುದಿಲ್ಲ. ನಡುವೆ ವಿರಾಮ ಕೊಟ್ಟು ಎರಡು ಭಾಗ ನುಡಿಸುತ್ತಾರೆ. ತಡವಾಗಿ ಹೋದರೆ ನೇರ ಮುಖ್ಯ ಶೋವನ್ನೇ ಕಳೆದುಕೊಳ್ಳುತ್ತೀರಿ. ಕೆಲವು ಜಾಝ್ ಕ್ಲಬ್ಬುಗಳಲ್ಲಿ ಒಂದೇ ರಾತ್ರಿ ಎರಡು ಶೋ ಇರುತ್ತವೆ, ಪ್ರತಿಯೊಂದಕ್ಕೂ ಬೇರೆ ಟಿಕೆಟ್. ಆಯ್ಕೆ ಇದ್ದರೆ ನಾನು ಎರಡನೆಯದಕ್ಕೆ ಹೋಗುತ್ತೇನೆ. ಅಷ್ಟೊತ್ತಿಗೆ ಕೈ ಪಳಗಿರುತ್ತದೆ, ಧ್ವನಿ ಕೂಡ ಹದಕ್ಕೆ ಬಂದಿರುತ್ತದೆ.

ಯಾವ ಬಗೆಯ ಜಾಗ ಅನ್ನುವುದೂ ಮುಖ್ಯ. ಲಂಡನ್ನಿನ ರಾನೀ ಸ್ಕಾಟ್ಸ್ ಅಥವಾ ಲಾಸ್ ಏಂಜಲೀಸ್‌ನ ಬೇಕ್ಡ್ ಪೊಟೇಟೊ ಥರದ ಸಣ್ಣ ಕ್ಲಬ್ಬಿನಲ್ಲಿ ಡ್ರಮ್ಮರ್ ಕಡ್ಡಿ ಬದಲಾಯಿಸುವುದೂ ಕಾಣುತ್ತದೆ. ದೊಡ್ಡ ಸಭಾಂಗಣದಲ್ಲಿ ಅದು ಕಾಣಲ್ಲ, ಆದರೆ ಆರ್ಗನ್ನಿನ ನಾದ ತುಂಬಿಕೊಳ್ಳುವುದಕ್ಕೆ ಜಾಗ ಸಿಗುತ್ತದೆ. ಎರಡರಲ್ಲಿ ಒಂದನ್ನು ಆರಿಸು ಅಂದರೆ ಕಣ್ಣುಮುಚ್ಚಿ ಸಣ್ಣ ಜಾಗ ಅನ್ನುತ್ತೇನೆ. ಫ್ಯೂಷನ್ ಸಂಗೀತಗಾರರು ಒಬ್ಬರಿಗೊಬ್ಬರು ಕಣ್ಣಲ್ಲೇ ಮಾತಾಡುತ್ತಾರೆ. ಆ ಮಾತು ನಿಮಗೂ ಕಾಣಬೇಕು.

ಹೋಗುವ ಮುಂಚೆ ಏನು ಕೇಳಬೇಕು

ಅವರ ಎಲ್ಲ ಆಲ್ಬಂ ಕೇಳಿ ಮುಗಿಸುತ್ತೇನೆ ಅಂತ ಹೊರಡಬೇಡಿ. ತಲೆ ಗೋಜಲಾಗುತ್ತದೆ. ಮೂರು ಸಾಕು: ಹೆಸರು ತಂದ ಆಲ್ಬಂ ಒಂದು, ಅದೇ ಕಾಲದ ಲೈವ್ ರೆಕಾರ್ಡಿಂಗ್ ಒಂದು, ತೀರಾ ಇತ್ತೀಚಿನ ಆಲ್ಬಂ ಒಂದು. ಸಾಫ್ಟ್ ಮಷೀನ್ ನೋಡಲು ಹೋಗುವವರಾದರೆ ‘ಥರ್ಡ್’ ಅಥವಾ 1975ರ ‘ಬಂಡಲ್ಸ್’ ತೆಗೆದುಕೊಳ್ಳಿ. ಆಮೇಲೆ ‘ಸ್ವಿಟ್ಜರ್ಲೆಂಡ್ 1974’ ಅನ್ನುವ ಲೈವ್ ಆಲ್ಬಂ. ಕೊನೆಗೆ 2023ರ ‘ಅದರ್ ಡೋರ್ಸ್’. ಐವತ್ತು ವರ್ಷದ ದಾರಿ ಮೂರು ಆಲ್ಬಂನಲ್ಲಿ ಸಿಕ್ಕಿಬಿಡುತ್ತದೆ.

ಇದಕ್ಕಿಂತ ಉಪಯೋಗದ ಅಭ್ಯಾಸ ಇನ್ನೊಂದಿದೆ. ಒಂದೇ ಕೃತಿಯನ್ನು ಎರಡು ಬೇರೆ ಬೇರೆ ರಾತ್ರಿಯ ರೆಕಾರ್ಡಿಂಗಿನಲ್ಲಿ ಕೇಳಿ. ಕಿಂಗ್ ಕ್ರಿಮ್ಸನ್ ವಿಷಯದಲ್ಲಿ ಇದು ಸುಲಭ. ಡಿಜಿಎಂ ಲೈವ್ ಅನ್ನುವ ಅವರದೇ ಸೈಟಿನಲ್ಲಿ ಬೇರೆ ಬೇರೆ ವರ್ಷದ ಎಷ್ಟೋ ಶೋಗಳು ಸಿಗುತ್ತವೆ. ಎರಡನ್ನೂ ಕೇಳುವಾಗ ಯಾವ ಭಾಗ ಎರಡರಲ್ಲೂ ಒಂದೇ ಥರ ಇದೆ ಗುರುತು ಮಾಡಿಕೊಳ್ಳಿ. ಅದು ಬರೆದಿಟ್ಟ ಭಾಗ. ಪೂರ್ತಿ ಬೇರೆ ಆಗಿರುವುದು ಮನೋಧರ್ಮದ ಭಾಗ, ಆ ಹೊತ್ತಿಗೆ ಹೊಳೆದದ್ದು. ಈ ಗಡಿ ಎಲ್ಲಿದೆ ಅಂತ ಗೊತ್ತಾದರೆ ಶೋ ಕೇಳುವ ರೀತಿಯೇ ಬದಲಾಗುತ್ತದೆ. ಬ್ಯಾಂಡು ಗಡಿ ದಾಟುವ ಕ್ಷಣ ನಿಮಗೆ ಮೊದಲೇ ತಿಳಿಯುತ್ತದೆ.

ಹಿಂದಿನ ಶೋಗಳಲ್ಲಿ ಏನೇನು ನುಡಿಸಿದರು ಅನ್ನುವ ಪಟ್ಟಿ ಈಗ ಸುಲಭವಾಗಿ ಸಿಗುತ್ತದೆ. ನೋಡಬೇಕಾ? ಬ್ಯಾಂಡು ನಿಮಗೆ ಹೊಸದಾದರೆ ನೋಡಿ, ತಯಾರಿಗೆ ಅನುಕೂಲ. ನಿಮ್ಮ ಪ್ರಾಣದಂಥ ಬ್ಯಾಂಡ್ ಆದರೆ ನೋಡಲೇಬೇಡಿ. ಬೇಸ್ ಒಂದು ಸಾಲು ಶುರು ಮಾಡಿ, ಅದು ಯಾವ ಕೃತಿ ಅಂತ ನಿಮಗೆ ಗುರುತು ಸಿಗುವ ಆ ಕ್ಷಣಕ್ಕೆ ಬೆಲೆ ಕಟ್ಟೋಕಾಗಲ್ಲ.

ಎಲ್ಲಿ ಕೂರಬೇಕು

ಮುಂದಿನ ಸಾಲು ಅತ್ಯುತ್ತಮ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನೋಡುವುದಕ್ಕೆ ಹೌದು, ಕೇಳುವುದಕ್ಕೆ ಅಲ್ಲ. ಸಣ್ಣ ಜಾಗದಲ್ಲಿ ವೇದಿಕೆಗೆ ಅಂಟಿಕೊಂಡು ಕೂತರೆ ನಿಮಗೆ ಕೇಳಿಸುವುದು ಡ್ರಮ್ಸಿನ ನೇರ ಸದ್ದು ಮತ್ತು ಎದುರಿಗಿರುವ ಗಿಟಾರ್ ಆಂಪ್ಲಿಫೈಯರ್. ಹಾಡುವವರ ಧ್ವನಿ, ಕೊಳಲು, ಕೀಬೋರ್ಡುಗಳು ಎರಡು ಬದಿಯ ದೊಡ್ಡ ಸ್ಪೀಕರುಗಳಿಂದ ಬರುತ್ತವೆ. ಅವು ನಿಮ್ಮ ತಲೆ ದಾಟಿ ಹಿಂದಿನ ಸಾಲುಗಳಿಗೆ ಹೋಗುತ್ತವೆ. ಬಲ ಮೂಲೆಯಲ್ಲಿ ಕೂತವರಿಗೆ ಬರೀ ಬೇಸ್, ಎಡ ಮೂಲೆಯವರಿಗೆ ಬರೀ ಆರ್ಗನ್ ಅನ್ನುವ ಹಾಗಾಗುತ್ತದೆ.

ಧ್ವನಿ ಎಲ್ಲಿ ಸರಿಯಾಗಿರುತ್ತದೆ ಅಂತ ತಿಳಿಯೋಕೆ ಸೌಂಡ್ ಎಂಜಿನಿಯರ್ ಎಲ್ಲಿ ಕೂತಿದ್ದಾರೆ ನೋಡಿ. ಅವರು ತಮ್ಮ ಕಿವಿಗೆ ಕೇಳಿಸಿದ್ದನ್ನು ಹದ ಮಾಡುತ್ತಿರುತ್ತಾರೆ. ಅವರ ಮಿಕ್ಸರಿನ, ಅಂದರೆ ಧ್ವನಿ ಹದ ಮಾಡುವ ಮೇಜಿನ ಎದುರು, ಒಂದೆರಡು ಸಾಲು ಮುಂದೆ, ಆದಷ್ಟು ನಡುವೆ ಕೂತರೆ ಅವರ ಕಿವಿಗೆ ಕೇಳಿಸಿದ್ದೇ ನಿಮಗೂ ಕೇಳಿಸುತ್ತದೆ. ಮಿಕ್ಸರ್ ಗೋಡೆಗೆ ಒತ್ತಿಕೊಂಡೋ ಬಾಲ್ಕನಿಯ ಕೆಳಗೋ ಇದ್ದರೆ ಮಾತ್ರ ಸ್ವಲ್ಪ ಮುಂದಕ್ಕೆ ಬನ್ನಿ. ಅಲ್ಲಿ ಬೇಸ್ ತುಂಬಿಕೊಂಡು ಉಳಿದದ್ದು ಮಬ್ಬಾಗುತ್ತದೆ.

ಕೈಗಳನ್ನು ನೋಡುವ ಆಸೆ ಇದ್ದರೆ ಲೆಕ್ಕ ಬೇರೆ. ಕೀಬೋರ್ಡ್ ವಾದಕರು ಸಾಮಾನ್ಯವಾಗಿ ವೇದಿಕೆಯ ಒಂದು ಬದಿಯಲ್ಲಿ, ಒಳಮುಖವಾಗಿ ಕೂರುತ್ತಾರೆ. ಯಾವ ಬದಿ ಅಂತ ಆ ಟೂರಿನ ಫೋಟೊಗಳಲ್ಲಿ ನೋಡಿಕೊಂಡು ಸೀಟು ಆರಿಸಿ. ನನ್ನ ಇಷ್ಟ ಕೇಳಿದರೆ, ಡ್ರಮ್ಮರ್ ಮುಖ ಅಡ್ಡಿಯಿಲ್ಲದೆ ಕಾಣುವ ಜಾಗ. ಈ ಸಂಗೀತದಲ್ಲಿ ಮುಂದೆ ಏನಾಗುತ್ತದೆ ಅನ್ನುವುದು ಎಲ್ಲರಿಗಿಂತ ಮೊದಲು ಡ್ರಮ್ಮರ್ ಮುಖದಲ್ಲಿ ಕಾಣುತ್ತದೆ.

ನಿಂತು ನೋಡುವ ಜಾಗವಾದರೆ ಇನ್ನೊಂದು ಯೋಚನೆ. ಒಂದೊಂದು ಕೃತಿ ಇಪ್ಪತ್ತು ನಿಮಿಷ, ಶೋ ಎರಡೂವರೆ ಗಂಟೆ. ಕಾಲು ನೋವು ಶುರುವಾದರೆ ಗಮನ ಕಾಲಿನ ಕಡೆಗೇ ಹೋಗುತ್ತದೆ. ಒಳ್ಳೆಯ ಶೂ ಹಾಕಿಕೊಳ್ಳಿ, ಒರಗಲು ಕಂಬವೋ ಕಟಕಟೆಯೋ ಹುಡುಕಿ.

ಕಿವಿಗೆ ಕಾಪು

ಇಯರ್‌ಪ್ಲಗ್ ಹಾಕಿಕೊಂಡರೆ ಸಂಗೀತಕ್ಕೆ ಅವಮಾನ ಅಂತ ಅಂದುಕೊಳ್ಳುವವರು ಇದ್ದಾರೆ. ದಯವಿಟ್ಟು ಆ ಯೋಚನೆ ಬಿಡಿ. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಡೆಯಬಹುದು ಅನ್ನುವುದು ಅಮೆರಿಕದ ಕೆಲಸದ ಸುರಕ್ಷತಾ ಸಂಸ್ಥೆ ನಿಯೋಷ್ ಹಾಕಿರುವ ಲೆಕ್ಕ. ಅದರ ಮೇಲೆ ಪ್ರತಿ 3 ಡೆಸಿಬೆಲ್ ಏರಿದಾಗಲೂ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್ಲಿಗೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ಶೋ ನಡೆಸುವ ಜಾಗಗಳಿಗೆ 2022ರಲ್ಲಿ ಹಾಕಿದ ಮಿತಿ ಕೂಡ ಸರಾಸರಿ 100 ಡೆಸಿಬೆಲ್. ಅಂದರೆ ನಿಯಮ ಪಾಲಿಸಿದ ಶೋ ಕೂಡ ಕಿವಿಗೆ ಜಾಸ್ತಿಯೇ.

ಔಷಧಿ ಅಂಗಡಿಯ ಸ್ಪಂಜಿನ ಪ್ಲಗ್ ಬೇಡ. ಅದು ಮೇಲಿನ ಸ್ವರಗಳನ್ನು ಜಾಸ್ತಿ ನುಂಗುತ್ತದೆ. ಸಿಂಬಲ್ಲಿನ ಹೊಳಪು, ಸೊಪ್ರಾನೊ ಸ್ಯಾಕ್ಸೊಫೋನಿನ ಅಂಚು ಎರಡೂ ಹೋಗಿ, ಗೋಡೆಯಾಚೆಯಿಂದ ಕೇಳಿದ ಹಾಗಾಗುತ್ತದೆ. ಸಂಗೀತಗಾರರಿಗೆ ಅಂತಲೇ ಮಾಡಿದ ಪ್ಲಗ್ ಸಿಗುತ್ತದೆ. ಅದು ಮೇಲಿನ ಸ್ವರ, ಕೆಳಗಿನ ಸ್ವರ ಎರಡನ್ನೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಗ್ಗಿಸುತ್ತದೆ. ಬ್ಯಾಂಡು ಜೋರಾಗಿ ನುಡಿಸುವಾಗ ವಾದ್ಯಗಳು ಇನ್ನೂ ಬಿಡಿಬಿಡಿಯಾಗಿ ಕೇಳಿಸುತ್ತವೆ. ಮೊದಲ ಕೃತಿಗೆ ಮುಂಚೆಯೇ ಹಾಕಿಕೊಳ್ಳಿ. ನಡುವೆ ಹಾಕಿದರೆ ಕಿವಿಗೆ ಏನೋ ಕಿತ್ತುಕೊಂಡಂತೆ ಅನ್ನಿಸುತ್ತದೆ.

ತಾಳ ಹಿಡಿಯುವುದು

ಈಗ ಶೋ ಶುರುವಾಯಿತು. ಹೊಸಬರು ಮೊದಲು ಗಲಿಬಿಲಿಯಾಗುವುದು ಇಲ್ಲೇ. ಕಾಲು ತಟ್ಟಲು ಹೋಗುತ್ತಾರೆ, ಎರಡು ಸುತ್ತಿಗೆ ಕಾಲು ಎಲ್ಲೋ, ಬ್ಯಾಂಡು ಎಲ್ಲೋ. ಮಾಮೂಲಿ ರಾಕ್ ಸಂಗೀತ ನಾಲ್ಕು ನಾಲ್ಕು ಎಣಿಕೆಯಾಗಿ ಸಾಗುತ್ತದೆ. ಇವರು ಐದು, ಏಳು, ಒಂಬತ್ತು, ಹನ್ನೊಂದಕ್ಕೆ ಹೋಗುತ್ತಾರೆ. ಮಹಾವಿಷ್ಣು ಆರ್ಕೆಸ್ಟ್ರಾ ಅನ್ನುವ ಫ್ಯೂಷನ್ ಬ್ಯಾಂಡಿನ 1973ರ ‘ಬರ್ಡ್ಸ್ ಆಫ್ ಫೈರ್’ ಆಲ್ಬಂನ ಅದೇ ಹೆಸರಿನ ಕೃತಿ ಹದಿನೆಂಟರಲ್ಲಿದೆ.

ಕನ್ನಡ ಓದುವ ನಮಗೆ ಇಲ್ಲಿ ಒಂದು ಅನುಕೂಲ ಇದೆ, ಕೊನ್ನಕ್ಕೋಲ್. ಅಂದರೆ ಕರ್ನಾಟಕ ಸಂಗೀತದಲ್ಲಿ ತಾಳದ ಲೆಕ್ಕವನ್ನು ಬಾಯಲ್ಲಿ ಹೇಳುವ ವಿದ್ಯೆ. ಐದಕ್ಕೆ ‘ತಕ ತಕಿಟ’. ಏಳಕ್ಕೆ ‘ತಕಿಟ ತಕಧಿಮಿ’. ಒಂಬತ್ತಕ್ಕೆ ‘ತಕಧಿಮಿ ತಕ ತಕಿಟ’. ಒಂದು, ಎರಡು ಅಂತ ಎಣಿಸುವುದಕ್ಕಿಂತ ಇದು ಎಷ್ಟೋ ಸಲೀಸು, ಯಾಕೆಂದರೆ ಏಳು ಹೇಗೆ ಒಡೆದಿದೆ ಅನ್ನುವುದು ಬಾಯಿಗೇ ಬಂದುಬಿಡುತ್ತದೆ. ಇದು ಹೊರಗಿನಿಂದ ತಂದು ಹಚ್ಚಿದ ವಿದ್ಯೆಯೇನಲ್ಲ. ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿದ ಜಾನ್ ಮೆಕ್‌ಲಾಫ್ಲಿನ್ ಮುಂದೆ ಶಕ್ತಿ ತಂಡದಲ್ಲಿ ಘಟಂ ವಿದ್ವಾನ್ ವಿಕ್ಕು ವಿನಾಯಕರಾಮ್, ಜಾಕಿರ್ ಹುಸೇನ್ ಅವರ ಜೊತೆ ನುಡಿಸಿದರು. ವಿನಾಯಕರಾಮ್ ಅವರ ಮಗ ಸೆಲ್ವಗಣೇಶ್ ಜೊತೆ ಸೇರಿ ಕೊನ್ನಕ್ಕೋಲ್ ಕಲಿಸುವ ಡಿವಿಡಿಯನ್ನೇ ತಂದರು.

ಹಿಡಿಯುವ ಕ್ರಮ ಹೀಗೆ. ಮೇಲೆ ಓಡುತ್ತಿರುವ ಗಿಟಾರನ್ನು ಬಿಡಿ. ಕೆಳಗೆ ಬೇಸ್ ಏನು ನುಡಿಸುತ್ತಿದೆ ಕೇಳಿ. ಸಾಮಾನ್ಯವಾಗಿ ಅದು ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಿರುತ್ತದೆ. ಆ ಸಾಲು ತಿರುಗಿ ಶುರುವಾಗುವ ಜಾಗ ಪತ್ತೆಯಾದರೆ ನಿಮಗೆ ಸಮ ಸಿಕ್ಕಿತು. ಅಲ್ಲಿಂದ ಮನಸ್ಸಲ್ಲೇ ‘ತಕಿಟ ತಕಧಿಮಿ’ ಹೇಳಿ ನೋಡಿ. ಮುಂದಿನ ಸಮಕ್ಕೆ ಸರಿಯಾಗಿ ಕೂತರೆ ಏಳು. ಇಲ್ಲದಿದ್ದರೆ ಇನ್ನೊಂದನ್ನು ಹಾಕಿ. ಮನೆಯಲ್ಲಿ ಅಭ್ಯಾಸ ಮಾಡಬೇಕು ಅಂದರೆ ಪಿಂಕ್ ಫ್ಲಾಯ್ಡ್‌ನ ‘ಮನಿ’ ಹಾಡಿನ ಬೇಸ್ ಏಳಕ್ಕೆ, ಡೇವ್ ಬ್ರೂಬೆಕ್ ಕ್ವಾರ್ಟೆಟ್‌ನ ‘ಟೇಕ್ ಫೈವ್’ ಐದಕ್ಕೆ. ಎರಡರ ನಡೆಯೂ ಸ್ಪಷ್ಟ.

ಕೆಲವೊಮ್ಮೆ ಇಬ್ಬರು ಎರಡು ಬೇರೆ ಅಳತೆಯ ಸಾಲುಗಳನ್ನು ಒಟ್ಟಿಗೆ ನುಡಿಸುತ್ತಾರೆ. ಒಬ್ಬರದು ಏಳು, ಇನ್ನೊಬ್ಬರದು ಎಂಟು ಅಂದುಕೊಳ್ಳಿ. ಶುರುವಿನಲ್ಲಿ ಜೊತೆಯಾಗಿ ಹೊರಟು, ಸ್ವಲ್ಪ ಸ್ವಲ್ಪವೇ ದೂರ ಸರಿದು, 56ನೇ ಎಣಿಕೆ ಮುಗಿದಾಗ ಮತ್ತೆ ಕೂಡುತ್ತಾರೆ. ಇಲ್ಲಿ ಇಬ್ಬರನ್ನೂ ಎಣಿಸಲು ಹೋಗಬೇಡಿ. ಒಬ್ಬರನ್ನು ಗಟ್ಟಿಯಾಗಿ ಹಿಡಿದುಕೊಂಡು ಇನ್ನೊಬ್ಬರನ್ನು ತೇಲಲು ಬಿಡಿ. ಕೂಡಿದಾಗ ಮೈಗೇ ಗೊತ್ತಾಗುತ್ತದೆ.

ಎಣಿಕೆ ತಪ್ಪಿದರೆ ಏನೂ ನಷ್ಟವಿಲ್ಲ. ಮುಂದಿನ ಸಮಕ್ಕೆ ಕಾಯಿರಿ, ಅದು ಬಂದೇ ಬರುತ್ತದೆ.

ಸೋಲೊ ಕೇಳುವುದು, ನೋಡುವುದು

ಫ್ಯೂಷನ್ ಕೃತಿಯ ಚೌಕಟ್ಟು ಸರಳ. ಬರೆದಿಟ್ಟ ರಾಗದ ಸಾಲು ಮೊದಲು, ಆಮೇಲೆ ಒಬ್ಬೊಬ್ಬರ ಸೋಲೊ, ಕೊನೆಗೆ ಮತ್ತೆ ಅದೇ ಸಾಲು. ಪ್ರೋಗ್ ಇದಕ್ಕೆ ಕೋಣೆಗಳನ್ನು ಸೇರಿಸುತ್ತದೆ: ನಡುವೆ ತಾಳ ಬದಲು, ಶ್ರುತಿ ಬದಲು, ಹೊಸ ಸಾಲು, ಇದ್ದಕ್ಕಿದ್ದಂತೆ ಮೌನ.

ಸೋಲೊ ನಡೆಯುವಾಗ ಎಲ್ಲರ ಕಣ್ಣೂ ಸೋಲೊ ನುಡಿಸುವವರ ಮೇಲೆ. ನೀವು ಸ್ವಲ್ಪ ಹೊತ್ತು ಉಳಿದವರನ್ನು ನೋಡಿ. ಗಿಟಾರ್ ಒಂದು ಸಣ್ಣ ತುಣುಕನ್ನು ಎರಡು ಸಲ ನುಡಿಸಿತು ಅನ್ನಿ. ಮೂರನೇ ಸಲಕ್ಕೆ ಡ್ರಮ್ಮರ್ ಅದೇ ತುಣುಕನ್ನು ಸ್ನೇರ್ ಡ್ರಮ್ಮಿನಲ್ಲಿ ಹೇಳುತ್ತಾರೆ. ಬೇಸ್ ನುಡಿಸುವವರು ತಲೆ ಎತ್ತುತ್ತಾರೆ, ಸ್ವರ ಕಮ್ಮಿ ಮಾಡಿ ಜಾಗ ಬಿಟ್ಟುಕೊಡುತ್ತಾರೆ. ಕೀಬೋರ್ಡ್ ಕೈ ಎತ್ತಿ ಕಾಯುತ್ತದೆ. ಇದು ಯಾವ ರೆಕಾರ್ಡಿನಲ್ಲೂ ಇಲ್ಲ, ನಾಳೆಯ ಶೋನಲ್ಲೂ ಇರುವುದಿಲ್ಲ. ಸೋಲೊ ಮುಗಿಯುವುದು ಕೂಡ ಕಾಣುತ್ತದೆ. ಗಿಟಾರಿನ ಕುತ್ತಿಗೆ ಸ್ವಲ್ಪ ಮೇಲೇಳುತ್ತದೆ, ಅಥವಾ ಒಂದು ನೋಟ, ಒಂದು ತಲೆದೂಗು. ಮುಂದಿನ ಸಮಕ್ಕೆ ಎಲ್ಲರೂ ಒಟ್ಟಿಗೆ ಸಾಲಿಗೆ ಬಂದು ಬೀಳುತ್ತಾರೆ.

ಡ್ರಮ್ ಸೋಲೊ ಬಂದಾಗ ಎದ್ದು ಹೊರಗೆ ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರ. ಅದು ನಮ್ಮ ಕಛೇರಿಯಲ್ಲಿ ಮೃದಂಗಕ್ಕೇ ಬಿಟ್ಟುಕೊಡುವ ತನಿ ಆವರ್ತನ ಇದ್ದ ಹಾಗೆ. ತಾಳದ ಚೌಕಟ್ಟು ಒಳಗೆ ಓಡುತ್ತಲೇ ಇರುತ್ತದೆ. ಎಷ್ಟೋ ಡ್ರಮ್ಮರುಗಳು ಎಡಗಾಲಲ್ಲಿ ತುಳಿದು ನುಡಿಸುವ ಜೋಡಿ ಸಿಂಬಲ್ಲಿನಲ್ಲಿ, ಅಂದರೆ ಹೈಹ್ಯಾಟಿನಲ್ಲಿ, ಅದನ್ನು ಇಟ್ಟುಕೊಂಡೇ ಕೈಯಲ್ಲಿ ಬೇರೆ ಲೆಕ್ಕ ನಡೆಸುತ್ತಾರೆ. ಆ ಎಡಗಾಲನ್ನು ನೋಡುತ್ತಿರಿ, ಕಳೆದುಹೋಗುವುದಿಲ್ಲ.

ವಾದ್ಯಗಳ ಬಗ್ಗೆ ಸ್ವಲ್ಪ ತಿಳಿದಿದ್ದರೆ ಕಣ್ಣಿಗೆ ಇನ್ನಷ್ಟು ಸಿಗುತ್ತದೆ. ಹ್ಯಾಮಂಡ್ ಆರ್ಗನ್ ಇದ್ದರೆ ಅದರ ಪಕ್ಕದಲ್ಲೋ ಹಿಂದೆಯೋ ಮರದ ದೊಡ್ಡ ಪೆಟ್ಟಿಗೆ ಇರುತ್ತದೆ. ಅದು ಲೆಸ್ಲಿ ಸ್ಪೀಕರ್. ಮೇಲಿನ ಜಾಲರಿಯೊಳಗೆ ಒಂದು ಕಹಳೆ ತಿರುಗುತ್ತಿರುತ್ತದೆ, ಕೆಳಗೆ ಬೇಸ್ ಸದ್ದಿಗೆ ಒಂದು ಉರುಳೆ. ವಾದಕರು ಎಡಗೈಯಿಂದ ಒಂದು ಸಣ್ಣ ಸ್ವಿಚ್ ತಳ್ಳುತ್ತಾರೆ. ಕಹಳೆ ಹಗುರ, ಅದು ತಕ್ಷಣ ವೇಗ ಹಿಡಿಯುತ್ತದೆ. ಉರುಳೆ ಭಾರ, ಅದಕ್ಕೆ ಕೆಲವು ಸೆಕೆಂಡು ಬೇಕು. ಆ ನಡುವಿನ ಹೊತ್ತಿನಲ್ಲಿ ಒಂದೇ ಸ್ವರದ ಮೇಲರ್ಧ ನಡುಗುತ್ತಿರುತ್ತದೆ, ಕೆಳಗಿನರ್ಧ ಇನ್ನೂ ತೂಗುತ್ತಿರುತ್ತದೆ. ರೆಕಾರ್ಡಿನಲ್ಲಿ ಇದು ಎರಡು ಸ್ಪೀಕರಿಗೆ ಚಪ್ಪಟೆಯಾಗಿ ಬಂದುಬಿಡುತ್ತದೆ. ಹತ್ತಿರ ಕೂತವರಿಗೆ ಗಾಳಿಯೇ ತಿರುಗಿದ ಹಾಗೆ ಕೇಳುತ್ತದೆ.

ಮೆಲೊಟ್ರಾನ್ ಇನ್ನೊಂದು, ಟೇಪಿನಲ್ಲಿ ತುಂಬಿಟ್ಟ ವಾದ್ಯಗಳ ಸದ್ದನ್ನು ನುಡಿಸುವ ಕೀಬೋರ್ಡ್. ಅದರ ಪ್ರತಿ ಕೀಲಿಯ ಕೆಳಗೆ ಒಂದು ಟೇಪಿನ ತುಂಡು, ಸುಮಾರು 8 ಸೆಕೆಂಡಿನದು. ಅಷ್ಟರೊಳಗೆ ಕೀಲಿ ಬಿಟ್ಟು ಮತ್ತೆ ಒತ್ತಬೇಕು. ಇವತ್ತು ಬಹುತೇಕ ಬ್ಯಾಂಡುಗಳು ಅದರ ಸದ್ದನ್ನು ಡಿಜಿಟಲ್ ಕೀಬೋರ್ಡಿನಲ್ಲಿ ತುಂಬಿಕೊಂಡಿರುತ್ತವೆ. ಅದರಲ್ಲಿ ತಪ್ಪೇನಿಲ್ಲ. ಹಳೆಯ ಯಂತ್ರ ಊರೂರು ತಿರುಗಿ ಸೆಕೆ, ತೇವ ತಿಂದರೆ ಶ್ರುತಿ ನಿಲ್ಲುವುದಿಲ್ಲ.

ಯಂತ್ರದ ಮಿತಿಯೇ ಶೈಲಿಯಾದ ಉದಾಹರಣೆಯೂ ಇದೆ. ಮೈಕ್ ರ‍್ಯಾಟ್ಲೆಜ್ ತಮ್ಮ ಲೌರಿ ಆರ್ಗನ್ನನ್ನು ಸದ್ದು ಒರಟು ಮಾಡುವ ಫಝ್ ಪೆಟ್ಟಿಗೆಗೆ ಸೇರಿಸಿ ಜೋರಾಗಿ ನುಡಿಸುತ್ತಿದ್ದರು. ಬೆರಳು ಎತ್ತಿದರೆ ಸ್ಪೀಕರು ಕಿರುಚುತ್ತಿತ್ತು. ಹಾಗಾಗಿ ಬಿಡುವಿಲ್ಲದೆ ಸ್ವರಕ್ಕೆ ಸ್ವರ ಜೋಡಿಸಿ ನುಡಿಸುವುದು ಅಭ್ಯಾಸವಾಯಿತು. ಆ ಉಸಿರುಗಟ್ಟಿಸುವ ಸಾಲುಗಳನ್ನು ಇವತ್ತಿನ ತಂಡದಲ್ಲಿ ಗಿಟಾರೋ ಸ್ಯಾಕ್ಸೊಫೋನೋ ನುಡಿಸುವಾಗ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅಂತ ಗಮನಿಸಿ.

ವಯಸ್ಸಿನ ಮಾತೂ ಇಲ್ಲಿ ಬರುತ್ತದೆ. ಹಾಡು ಇದ್ದರೆ ಶ್ರುತಿ ಇಳಿಸಿರಬಹುದು. ಓಟದ ಭಾಗ ಸ್ವಲ್ಪ ನಿಧಾನವಾಗಿರಬಹುದು. ಮೂವತ್ತರ ವಯಸ್ಸಿನಲ್ಲಿ ನೂರು ಸ್ವರ ಸುರಿದ ಜಾಗದಲ್ಲಿ ಈಗ ಇಪ್ಪತ್ತು ಬರಬಹುದು. ಆ ಇಪ್ಪತ್ತರ ಆಯ್ಕೆಯನ್ನು ಕೇಳಿ. ಯಾವುದನ್ನು ಉಳಿಸಿಕೊಂಡರು, ಯಾವುದನ್ನು ಬಿಟ್ಟರು ಅನ್ನುವುದರಲ್ಲಿ ಐವತ್ತು ವರ್ಷದ ತಿಳಿವಳಿಕೆ ಇದೆ.

ಚಪ್ಪಾಳೆ, ಫೋನು, ಪಕ್ಕದವರು

ಜಾಝ್ ರೂಢಿಯಲ್ಲಿ ಸೋಲೊ ಮುಗಿದ ಕೂಡಲೇ ಚಪ್ಪಾಳೆ. ಪ್ರೋಗ್ ಕೇಳುಗರು ಕೃತಿ ಮುಗಿಯುವವರೆಗೆ ಕಾಯುತ್ತಾರೆ. ಎರಡೂ ಸೇರಿದ ಬ್ಯಾಂಡಿನಲ್ಲಿ ಏನು ಮಾಡೋದು? ಸೋಲೊ ಆದ ಮೇಲೆ ತಟ್ಟಿ, ಆದರೆ ಸದ್ದು ತಗ್ಗಿ ಮೆಲ್ಲನೆಯ ಭಾಗಕ್ಕೆ ಜಾರುತ್ತಿದ್ದರೆ ಸುಮ್ಮನಿರಿ. ಸುಳ್ಳು ಮುಕ್ತಾಯ ಈ ಸಂಗೀತದಲ್ಲಿ ಸಾಮಾನ್ಯ. ಡ್ರಮ್ಮರ್ ಕಡ್ಡಿ ಕೆಳಗಿಡುವವರೆಗೆ ಕೃತಿ ಮುಗಿದಿಲ್ಲ ಅಂತಲೇ ತಿಳಿಯಿರಿ.

ಫೋನ್ ವಿಷಯದಲ್ಲಿ ಕಿಂಗ್ ಕ್ರಿಮ್ಸನ್ ಮಾಡಿದ ಪದ್ಧತಿ ನನಗೆ ಬಹಳ ಇಷ್ಟ. ಶೋ ಪೂರ್ತಿ ಫೋಟೊ, ವಿಡಿಯೋ ಇಲ್ಲ. ಕೊನೆಯಲ್ಲಿ ಬೇಸ್ ವಾದಕ ಟೋನಿ ಲೆವಿನ್ ತಮ್ಮ ಕ್ಯಾಮೆರಾ ಎತ್ತಿ ಜನರ ಫೋಟೊ ತೆಗೆಯುತ್ತಿದ್ದರು. ಅದೇ ಸೂಚನೆ, ಆಗ ಜನರೂ ತೆಗೆಯಬಹುದು. ನಿಮ್ಮ ಬ್ಯಾಂಡಿಗೆ ಅಂಥ ನಿಯಮ ಇಲ್ಲದಿದ್ದರೂ ನೀವೇ ಪಾಲಿಸಬಹುದು, ಅಲ್ವಾ? ಮನೋಧರ್ಮದಲ್ಲಿ ಮುಳುಗಿರುವವರ ಎದುರು ಬೆಳಗುವ ಪರದೆ ಹಿಡಿದರೆ ಅವರಿಗೂ ತೊಂದರೆ, ಹಿಂದೆ ಕೂತವರಿಗೂ ತೊಂದರೆ.

ಈ ಸಂಗೀತ ಗೊತ್ತಿಲ್ಲದ ಗೆಳೆಯರನ್ನೋ ಮನೆಯವರನ್ನೋ ಕರೆದುಕೊಂಡು ಹೋಗುವುದಾದರೆ ಖಂಡಿತ ಕರೆದುಕೊಂಡು ಹೋಗಿ. ಆದರೆ ಕೃತಿ ನಡೆಯುವಾಗ ಕಿವಿಯಲ್ಲಿ ವಿವರಣೆ ಬೇಡ. ಯಾರಾದರೂ ಒಬ್ಬ ವಾದಕರನ್ನು ಆರಿಸಿಕೊಂಡು ಕೊನೆಯವರೆಗೂ ಅವರನ್ನೇ ನೋಡು ಅಂತ ಮೊದಲೇ ಹೇಳಿ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಶೋ ಮುಗಿದ ಮೇಲೆ

ಹೊರಬಂದಾಗ ಕಿವಿ ಗುಂಯ್‌ಗುಟ್ಟುತ್ತಿದ್ದರೆ ಅವತ್ತು ಹೆಡ್‌ಫೋನ್ ಬೇಡ, ಕಿವಿಗೆ ವಿಶ್ರಾಂತಿ ಕೊಡಿ. ಸಾಮಾನ್ಯವಾಗಿ ಮಾರನೆಯ ದಿನಕ್ಕೆ ಹೋಗುತ್ತದೆ. ಎರಡು ದಿನ ಕಳೆದರೂ ಹೋಗದಿದ್ದರೆ, ಅಥವಾ ಒಂದು ಕಿವಿ ಮಂದವಾಗಿದ್ದರೆ, ತಡ ಮಾಡದೆ ಕಿವಿ ವೈದ್ಯರ ಹತ್ತಿರ ಹೋಗಿ.

ಬಾಗಿಲ ಬಳಿ ಸಿಡಿ, ಎಲ್‌ಪಿ, ಟಿ-ಶರ್ಟ್ ಮಾರುವ ಮೇಜು ಇರುತ್ತದೆ. ಇಂಥ ಬ್ಯಾಂಡುಗಳಿಗೆ ಆನ್‌ಲೈನ್ ಕೇಳುವಿಕೆಯಿಂದ ಬರುವುದು ಚಿಲ್ಲರೆ ಕಾಸು. ಟೂರಿನ ಬಸ್ಸು ಓಡುವುದು ಈ ಮೇಜಿನ ದುಡ್ಡಿನಿಂದಲೂ ಹೌದು. ಒಂದು ಸಿಡಿ ಕೊಳ್ಳುವುದಾದರೆ ತೀರಾ ಹೊಸದನ್ನು ಕೊಳ್ಳಿ. ಹಳೆಯದು ನಿಮ್ಮ ಹತ್ತಿರ ಇದ್ದೇ ಇರುತ್ತದೆ.

ಸಣ್ಣ ಜಾಗಗಳಲ್ಲಿ ವಾದಕರು ತಾವೇ ಆ ಮೇಜಿನ ಬಳಿ ಬರುವುದುಂಟು. ಎರಡು ಗಂಟೆ ನುಡಿಸಿ ಸುಸ್ತಾಗಿರುತ್ತಾರೆ, ಹಿಂದೆ ಸಾಲು ಇರುತ್ತದೆ. ಒಂದೇ ಆಲ್ಬಂಗೆ ಸಹಿ ಕೇಳಿ. ಆ ಹಾಡು ಯಾಕೆ ನುಡಿಸಲಿಲ್ಲ ಅಂತ ಕೇಳಬೇಡಿ, ಬಿಟ್ಟುಹೋದ ಸದಸ್ಯರ ಸುದ್ದಿಯೂ ಬೇಡ. ಅವತ್ತು ನೀವು ಕೇಳಿದ್ದರ ಬಗ್ಗೆ ಒಂದು ಮಾತಾಡಿ: ಎರಡನೇ ಭಾಗದ ಶುರುವಿನಲ್ಲಿ ಬೇಸ್ ನಿಂತುಹೋಯಿತಲ್ಲ, ಅದು ಮೊದಲೇ ಮಾತಾಡಿಕೊಂಡಿದ್ದಾ? ಇಂಥ ಪ್ರಶ್ನೆಗೆ ಅವರು ಪೆನ್ನು ಕೆಳಗಿಟ್ಟು ಉತ್ತರ ಕೊಡುತ್ತಾರೆ.